ಪಾಮಾರಿಸ್ ಇದೆಯೋ ಇಲ್ಲವೋ, ಮೊದಲೇ ನೋಡಿ: ನನ್ನ ಅನುಭವ

ಟೆಂಡನ್ (ಬೆರಳು ಮಡಿಸುವ ಸ್ನಾಯುರಜ್ಜು) ಕಡಿದು ಮಡಿಸಲಾಗದಿದ್ದ ಬೈತಖೋಲದ ಮೀನುಗಾರನೊಬ್ಬನ ತೋರುಬೆರಳು ಹೋದ ತಿಂಗಳು ಅಂಗೈ ಮುಟ್ಟಿತು. ಕಡಿದ ಟೆಂಡನ್ನಿನ ಜಾಗಕ್ಕೆ ಮುಂಗೈಯ ಪಾಮಾರಿಸ್ ಎಂಬ ಟೆಂಡನ್ ತೆಗೆದು ಹಾಕುವುದೇ ಗ್ರಾಫ್ಟ್. ಕಾರವಾರದಲ್ಲೇ, ಟೂರ್ನಿಕೆ (ರಕ್ತ ತಡೆಯುವ ಬಿಗಿಪಟ್ಟಿ) ಕಟ್ಟದೆ, ರೋಗಿ ಎಚ್ಚರವಾಗಿ ಮಾತಾಡುತ್ತಿರುವಾಗಲೇ ಟೆಂಡನ್ ಗ್ರಾಫ್ಟ್ ಮಾಡುತ್ತೇನೆ ಅಂದಾಗ ನಂಬಿದವರು ಕಡಿಮೆ. ‘ಬೆರಳಿಗೆ ಅಡ್ರಿನಲಿನ್ ಹಾಕ್ತೀಯಾ? ಕಪ್ಪಾಗಿ ಉದುರುತ್ತೆ’ ಎಂದು ಹಿರಿಯರೊಬ್ಬರು ಗದರಿದ್ದರು. ಕೆನಡಾದ ಕೈ ಶಸ್ತ್ರಚಿಕಿತ್ಸಕ ಡೊನಾಲ್ಡ್ ಲಲೋಂಡ್, ಮರಗಟ್ಟಿಸುವ ಮದ್ದಿಗೆ ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಬೆರೆಸಿ ಚುಚ್ಚುವ ಈ ದಾರಿಯನ್ನು ಎಷ್ಟೋ ವರ್ಷದಿಂದ ಸಾರುತ್ತಿದ್ದಾರೆ, ಆದರೂ ಭಯ ಹೋಗಿಲ್ಲ. ನನ್ನ ಕೈಯಲ್ಲಿ ಹದಿನೆಂಟೋ ಇಪ್ಪತ್ತೋ ಕೇಸು ಆಗಿವೆ. ಒಂದು ಬೆರಳೂ ಕಪ್ಪಾಗಿಲ್ಲ.

ಇಷ್ಟಕ್ಕೆ ಬರಲು ನಾನು ಬೆಲೆ ತೆತ್ತಿದ್ದೇನೆ. ಆರೇಳು ವರ್ಷದ ಹಿಂದೆ ಸಿರಸಿ ಕಡೆಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಬೆರಳಿಗೆ ಹೊಕ್ಕಿತ್ತು. ತೋಳಿಗೆ ಬ್ಲಾಕ್ (ಮರಗಟ್ಟಿಸುವ ಚುಚ್ಚುಮದ್ದು) ಕೊಟ್ಟಾದ ಮೇಲೆ ಪಾಮಾರಿಸ್ ತೆಗೆಯಲು ಮಣಿಕಟ್ಟು ತೆರೆದೆ. ಚರ್ಮದ ಕೆಳಗೇ ಒಂದು ಬಿಳಿ ಹುರಿ ಸಿಕ್ಕಿತು. ಫೋರ್ಸೆಪ್ಸ್ ಸುತ್ತ ಹಾಕಿ ಎತ್ತಿಯೂ ಆಗಿತ್ತು. ಅದರ ಮೈಮೇಲೆ ಸಣ್ಣ ರಕ್ತನಾಳ ಕಂಡು ಕೈ ನಿಂತಿತು. ಅದು ಮೀಡಿಯನ್ ನರ, ಕೈಯ ಮುಖ್ಯ ನರಗಳಲ್ಲೊಂದು. ಪಾಮಾರಿಸ್ ಲಾಂಗಸ್ ಅವಳಿಗೆ ಇರಲೇ ಇಲ್ಲ! ಕಾಲಿನಿಂದ ಪ್ಲಾಂಟಾರಿಸ್ ಎಂಬ ಟೆಂಡನ್ ತೆಗೆಯಲು ಮತ್ತೆ ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಬೇಕಾಯಿತು. ಅದಕ್ಕಾದ ಒಂಬತ್ತು ಸಾವಿರ ನಾನೇ ಹಾಕಿದೆ. ಗ್ರಾಫ್ಟಿನ ಬಿಗಿಯನ್ನು ಕಣ್ಣಂದಾಜಿನಲ್ಲಿ ಇಟ್ಟಿದ್ದೆ, ಸಡಿಲವಾಯಿತು. ಇವತ್ತಿಗೂ ಆ ಬೆರಳು ಅಂಗೈಯಿಂದ ಒಂದು ಇಂಚು ದೂರ ನಿಲ್ಲುತ್ತದೆ.

ಅಂದಿನಿಂದ ಒಪಿಡಿಯಲ್ಲೇ ಎರಡೂ ಕೈ ನೋಡುತ್ತೇನೆ. ಹೆಬ್ಬೆರಳು ಕಿರುಬೆರಳು ಸೇರಿಸಿ ಮಣಿಕಟ್ಟು ಬಗ್ಗಿಸುವ ಶೇಫರ್ ಪರೀಕ್ಷೆ ಒಂದೇ ಸಾಲದು, ದಪ್ಪ ಕೈಯಲ್ಲಿ ಅದು ಮೋಸ ಮಾಡುತ್ತದೆ. ಮುಷ್ಟಿ ಕಟ್ಟಿ ಮಣಿಕಟ್ಟು ಬಗ್ಗಿಸಿ ಹೆಬ್ಬೆರಳನ್ನು ಬೆರಳುಗಳ ಮೇಲೆ ಮಡಿಸುವ ಥಾಂಪ್ಸನ್ ಪರೀಕ್ಷೆಯನ್ನೂ ಮಾಡಿ, ಅನುಮಾನವಿದ್ದರೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ಮಣಿಕಟ್ಟಿನಿಂದ ಮೇಲಕ್ಕೆ ಹೋಗುತ್ತೇನೆ. ಟೆಂಡನ್ ಆದರೆ ಮಾಂಸವಾಗುತ್ತದೆ, ನರ ಆಳಕ್ಕೆ ಇಳಿಯುತ್ತದೆ. ಅಂಕೋಲಾದ ಹುಡುಗನೊಬ್ಬನ ಮಣಿಕಟ್ಟಿನ ಗಡ್ಡೆಗೆ ಬೇರೆ ಕಡೆ ಗ್ಯಾಂಗ್ಲಿಯಾನ್ (ದ್ರವ ತುಂಬಿದ ಗಂಟು) ಅಂದಿದ್ದರು. ಪ್ರೋಬ್ ಇಟ್ಟರೆ ತಲೆಕೆಳಗಾದ ಪಾಮಾರಿಸ್. ಮಾಂಸ ಕೆಳಗೆ, ಟೆಂಡನ್ ಮೇಲೆ! ಕುತೂಹಲಕ್ಕೆ ನಮ್ಮ ಸಿಬ್ಬಂದಿಯ ಎಂಬತ್ತು ಜನರ ಕೈಯನ್ನೂ ನೋಡಿದೆ. ಒಂದಾದರೂ ಕೈಯಲ್ಲಿ ಇಲ್ಲದವರು ಆರೇಳು ಮಂದಿ. ಪುಸ್ತಕದ ನೂರಕ್ಕೆ ಹದಿನೈದು ನಮ್ಮಲ್ಲಿ ಕಾಣಲಿಲ್ಲ.

ಬೈತಖೋಲದವನದು ಗಾಯವಾಗಿ ಐದು ತಿಂಗಳಾಗಿದ್ದ ಝೋನ್ 2 (ಅಂಗೈ ತುದಿಯಿಂದ ಬೆರಳ ನಡುವಿನವರೆಗಿನ ಭಾಗ) ಕೇಸು. ಮುಂದೆ ಟೆಂಡನ್ ಜಾರಲು ದಾರಿಯಾಗಲೆಂದು ಫೆಬ್ರುವರಿ ಕೊನೆಗೆ ಸಿಲಿಕೋನ್ ರಾಡ್ ಇಟ್ಟೆ, ಜೂನ್ ಮೊದಲ ವಾರ ಗ್ರಾಫ್ಟ್ ಮಾಡಿದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ ಅಲ್ವಾ, ಆ ಎರಡು ತಿಂಗಳು ಅವನ ವ್ಯಾಯಾಮಕ್ಕೇ ಸಿಕ್ಕಿತು. ಮರಗಟ್ಟಿಸಲು ಚುಚ್ಚಿದ್ದು ಒಂದು ಪರ್ಸೆಂಟ್ ಲಿಗ್ನೋಕೇನ್, 1:100000 ಅಡ್ರಿನಲಿನ್, ಹತ್ತಕ್ಕೆ ಒಂದು ಬೈಕಾರ್ಬೊನೇಟ್. ಲಿಗ್ನೋಕೇನಿನ ಒಟ್ಟು ಡೋಸ್ ಕೆ.ಜಿ.ಗೆ 7 ಮಿ.ಗ್ರಾಂ ದಾಟಬಾರದು. ಚುಚ್ಚಿ ಅರ್ಧ ಗಂಟೆ ಕಾದೆ. ಆತುರದಲ್ಲಿ ಹತ್ತು ನಿಮಿಷಕ್ಕೇ ಕೊಯ್ದ ಮೊದಲ ಎರಡು ಕೇಸಿನಲ್ಲಿ ರಕ್ತ ಒರೆಸುವುದೇ ಕೆಲಸವಾಗಿತ್ತು. ಪಾಮಾರಿಸ್ ಹದಿನೈದು ಸೆಂ.ಮೀ. ಸಿಕ್ಕಿತು. ಅಂಗೈಯಿಂದ ಬೆರಳ ತುದಿಗೆ ಸಾಕು, ಮುಂಗೈಯಿಂದ ಸಾಲುವುದಿಲ್ಲ. ಎರಡು ಸಣ್ಣ ಕೊಯ್ತದಲ್ಲೇ, ಸ್ಟ್ರಿಪ್ಪರ್ (ಟೆಂಡನ್ ಬಿಡಿಸಿ ತೆಗೆಯುವ ಸಾಧನ) ಇಲ್ಲದೆ ನಾನು ಹೇಗೆ ತೆಗೆಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಪಕ್ಕದಲ್ಲಿ ನಿಂತು ನೋಡುವಂಥದ್ದು.

‘ಬೆರಳು ಮಡಿಸು’ ಅಂದೆ. ಮಡಿಸಿದ. ಬಿಗಿ ಕಮ್ಮಿ ಅನ್ನಿಸಿತು, ಎರಡು ಮಿ.ಮೀ. ಎಳೆದೆ, ಮತ್ತೆ ಮಡಿಸಿದ. ಇದಕ್ಕೇ ನಾನು ರೋಗಿಯನ್ನು ಎಚ್ಚರ ಇಡುವುದು. ಹೆಬ್ಬೆರಳು ಬಗ್ಗಿಸಿದರೂ ತೋರುಬೆರಳ ತುದಿ ಬಗ್ಗಿತು. ಲಿನ್‌ಬರ್ಗ್ ಜೋಡಣೆ, ಅಂದರೆ ಆ ಎರಡು ಬೆರಳಿನ ಟೆಂಡನ್‌ಗಳು ಒಂದಕ್ಕೊಂದು ಕೂಡಿಕೊಂಡಿರುವುದು. ಒಪಿಡಿಯಲ್ಲಿ ಅವನ ಇನ್ನೊಂದು ಕೈಯಲ್ಲೂ ನೋಡಿದ್ದರಿಂದ ಗಾಬರಿಯಾಗಲಿಲ್ಲ.

ಎರಡೂ ಹಂತ ಸೇರಿ ಮೂವತ್ತೆರಡು ಸಾವಿರ ಆಯಿತು, ರಾಡೇ ಆರೇಳು ಸಾವಿರ. ಹೊರಗಡೆ ಅವನಿಗೆ ಲಕ್ಷದ ಹತ್ತಿರ ಹೇಳಿದ್ದರು, ಮಣಿಪಾಲಕ್ಕೋ ಗೋವಾಕ್ಕೋ ಓಡಾಡುವ ಖರ್ಚು ಬೇರೆ. ಸೆಪ್ಟೆಂಬರಿನಲ್ಲಿ ದೋಣಿ ಹತ್ತಿದ.

ಮುಂದಿನ ವಾರ ಆಪರೇಷನ್ ಇರುವವಳು ಯಲ್ಲಾಪುರದವಳು. ಎರಡೂ ಕೈಯಲ್ಲಿ ಪಾಮಾರಿಸ್ ಇಲ್ಲ. ಈ ಸಲ ಪಾದದ ಎಕ್ಸ್‌ಟೆನ್ಸರ್ (ಕಾಲ್ಬೆರಳು ಎತ್ತುವ ಟೆಂಡನ್) ಮೇಲೆ ಮಾರ್ಕರ್ ಗೆರೆ ಆಗಲೇ ಎಳೆದಿಟ್ಟಿದ್ದೇನೆ.