ಹ್ಯಾವ್ಲಾಕ್‌ನಲ್ಲಿ ಹನ್ನೊಂದೂವರೆಗೇ ಉಣ್ಣಿ

ಅಂಡಮಾನಿನ ಹ್ಯಾವ್ಲಾಕ್ ದ್ವೀಪಕ್ಕೆ (2018ರಿಂದ ಅದರ ಹೆಸರು ಸ್ವರಾಜ್ ದ್ವೀಪ) ಮನೆಮಂದಿಯೊಡನೆ ಹೋಗುವವರು ಊಟದ ಹೊತ್ತನ್ನು ಊರಲ್ಲೇ ಬಿಟ್ಟು ಹೋಗಬೇಕು. ಅಲ್ಲಿಯ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಅವಸರದವನು. ಡಿಸೆಂಬರಿನಲ್ಲಿ ಸಂಜೆ ಐದರ ಆಸುಪಾಸಿಗೆಲ್ಲ ಮುಳುಗಿಬಿಡುತ್ತಾನೆ. ಮೊದಲ ದಿನ ನಾವು ಬೆಂಗಳೂರಿನ ರೂಢಿಯಂತೆ ಎರಡೂವರೆಗೆ ಉಂಡು, ಒಂದು ನಿದ್ದೆ ತೆಗೆದು ರಾಧಾನಗರ ಕಡಲತೀರ ಮುಟ್ಟಿದಾಗ ಐದೂಕಾಲು. ಜನ ಕಾಲಿನ ಮರಳು ಕೊಡವಿಕೊಂಡು ಮರಳುತ್ತಿದ್ದರು. ಈಜುಡುಗೆ ತೊಟ್ಟೇ ಹೊರಟಿದ್ದ ಮಗಳು ವಸತಿಗೃಹದವರೆಗೂ ಅತ್ತಳು.

ಮರುದಿನದಿಂದ ಕ್ರಮ ಬದಲಾಯಿತು. ಐದಕ್ಕೆ ಎದ್ದು, ಚಹಾ ಕುಡಿದು, ಬಾಳೆಹಣ್ಣು ಹಿಡಿದು ಪೂರ್ವ ತೀರದ ಕಾಲಾಪತ್ಥರ್‌ಗೆ. ಎಂಟಕ್ಕೆ ತಿಂಡಿ. ಹನ್ನೊಂದೂವರೆಗೆ ಊಟ; ಸೂರ್ಯನ ಲೆಕ್ಕದಲ್ಲಿ ಅಲ್ಲಿ ಅದೇ ನಡುಮಧ್ಯಾಹ್ನ, ಮಕ್ಕಳನ್ನು ಬಿಸಿಲಿನಿಂದ ಒಳಗೆಳೆಯಲು ಅದಕ್ಕಿಂತ ಒಳ್ಳೆಯ ನೆಪವಿಲ್ಲ. ಒಂದು ನಿದ್ದೆ. ಎರಡೂವರೆಗೆಲ್ಲ ರಾಧಾನಗರದ ನೀರಿನಲ್ಲಿ.

ಊಟಕ್ಕೆ ಗೋವಿಂದನಗರದ ಪೇಟೆಯ ಸಣ್ಣ ಹೋಟೆಲುಗಳೇ ಸಾಕು. ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಊರಿದು, ಹಾಗಾಗಿ ಅನ್ನ, ಬೇಳೆ, ಪಲ್ಯ, ಮೀನಿನ ಸಾರು ಎಲ್ಲದರಲ್ಲೂ ಸಾಸಿವೆಯೆಣ್ಣೆ. ಕುಂದಾಪುರದವರಾದ ನಮ್ಮತ್ತೆ ಮೊದಲ ತುತ್ತಿಗೇ, "ಇದು ಸಾರೋ, ಮಂಡಿನೋವಿನ ಎಣ್ಣೆಯೋ?" ಎಂದರು. ಅದಕ್ಕೆ ಅವರೇ ಕಂಡುಕೊಂಡ ದಾರಿ: ಸಾರು ಬೇಡ, ಮೀನನ್ನು ಕಾವಲಿಯ ಮೇಲೆ ಹುರಿಸಿ. ಹುರಿಯುವ ಮೊದಲು ಮೀನು ತೋರಿಸಲು ಹೇಳಿ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿರಬೇಕು. ಅತ್ತೆ ಕೆಂಬೇರಿಯ ಕಿವಿರೆತ್ತಿ ನೋಡಿದ ರೀತಿಗೆ ಅಡುಗೆಯವನು ಮರುಮಾತಿಲ್ಲದೆ ಬೇರೆ ಮೀನು ತಂದ. ಸಿಗಡಿ, ಏಡಿಗಳಿಗೆ ತೂಕದ ಮೇಲೆ ದರವಿದ್ದರೆ ತಕ್ಕಡಿಯ ಮುಂದೆ ನಿಂತೇ ಬೆಲೆ ಕೇಳಿ. ಚಟ್ನಿಪುಡಿ, ಉಪ್ಪಿನಕಾಯಿ ಮರೆಯಬೇಡಿ. ನಮ್ಮ ಮಗ ಮೂರು ದಿನ ಬದುಕಿದ್ದೇ ಚಟ್ನಿಪುಡಿಯಲ್ಲಿ.

ಹಡಗು ಹತ್ತುವ ಮುನ್ನ ಪೂರಿ ತಿನ್ನಿಸಬೇಡಿ. ಕಾರಣ ಬರೆಯುವುದಿಲ್ಲ.

ವಿಜಯನಗರ ತೀರದಲ್ಲಿ ಇಳಿತದ ಹೊತ್ತಿಗೆ ನೀರು ಬಲು ದೂರ ಸರಿದು ಕಲ್ಲು, ಹವಳ ಮೇಲೇಳುತ್ತವೆ. ಬರಿಗಾಲಿನ ಮಕ್ಕಳಿಗೆ ಅದು ಆಟದ ಜಾಗವಲ್ಲ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆದ್ದರಿಂದ ನಿನ್ನೆಯ ಲೆಕ್ಕ ಇಂದಿಗಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಇನ್ನೂ ದೂರ ಸರಿಯುತ್ತದೆ. ನಮ್ಮಲ್ಲಿ ಆ ಲೆಕ್ಕ ಅತ್ತೆಯ ಚೀಲದ ಪಂಚಾಂಗದ್ದು. ಅಂಥ ಹೊತ್ತಿನಲ್ಲಿ ಅಲ್ಲಿ ಚಾಪೆ ಹಾಸಿ ಮಲಗುವುದೇ ಸರಿ, ಆದರೆ ತೆಂಗಿನಮರದ ಕೆಳಗಲ್ಲ. ಮೊದಲು ತಲೆಯೆತ್ತಿ ಕಾಯಿ ನೋಡಿ. ಎಳನೀರು ಕುಡಿದಾದ ಮೇಲೆ ಒಡೆಸಿ ಗಂಜಿ ಕೇಳುವುದನ್ನು ಬಿಡಬೇಡಿ. ಚಿಪ್ಪು, ಹವಳಗಳನ್ನು ಮಾತ್ರ ಅಲ್ಲೇ ಬಿಡಿ. ಹವಳ ಒಯ್ಯುವುದು ಕಾನೂನಿಗೆ ವಿರುದ್ಧ, ಹೊರಡುವ ಹಿಂದಿನ ರಾತ್ರಿ ಮಕ್ಕಳ ಜೇಬು ಝಾಡಿಸಿ.

ಮುಸ್ಸಂಜೆಗೆ ಮರಳುನೊಣಗಳು ಏಳುತ್ತವೆ. ಕಾಲಿಗೆ ಕೊಬ್ಬರಿಎಣ್ಣೆ ದಪ್ಪಗೆ ಸವರಿಕೊಂಡು ಕೂತರೆ ಕಡಿತ ಕಡಿಮೆ. ಏಳಕ್ಕೆ ರಾತ್ರಿಯೂಟ ಮುಗಿಸಿ, ಎಂಟಕ್ಕೆ ಎಲ್ಲರೂ ಗೊರಕೆ. ಊರಿಗೆ ಬಂದು ವಾರವಾದರೂ ಮಗಳು ಹನ್ನೊಂದೂವರೆಗೆ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು.