ಡ್ರೈವರ್‌ಗೆ ನಿದ್ದೆ ಕೊಟ್ಟು ಲೈನ್ ನಡೆಸಿದ್ದು: ನನ್ನ ಅನುಭವ

ದಿನಕ್ಕೆ 8 ಗಂಟೆ ಕೆಲಸ. 5 ಗಂಟೆ ಕೆಲಸ ಆಗುವಷ್ಟರಲ್ಲಿ ಅರ್ಧ ಗಂಟೆ ಬಿಡುವು. ಇವತ್ತಿನ ಡ್ಯೂಟಿಗೂ ನಾಳೆಯ ಡ್ಯೂಟಿಗೂ ನಡುವೆ ಕನಿಷ್ಠ 9 ಗಂಟೆ ವಿಶ್ರಾಂತಿ. ವಾರಕ್ಕೊಂದು ರಜೆ. ನೆಲಮಂಗಲ–ದಾವಣಗೆರೆ ಲೈನ್‌ನಲ್ಲಿ ನಾಲ್ಕು ಪಿಕಪ್‌ಗಳನ್ನು ಈ ಲೆಕ್ಕದಲ್ಲೇ ಓಡಿಸುತ್ತೇನೆ ಎಂದಾಗ "ಆರು ತಿಂಗಳಲ್ಲಿ ಗಾಡಿ ಸೀಜ್ ಆಗುತ್ತೆ ಗುರುವೇ" ಎಂದವರೇ ಜಾಸ್ತಿ. ಎರಡು ವರ್ಷದ ಹತ್ತಿರ ಬಂತು. ಒಂದು ಇಎಂಐ ಕೂಡ ತಪ್ಪಿಲ್ಲ.

ಈ ನಿಯಮ ನಾನು ಮಾಡಿದ್ದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಇದ್ದದ್ದೇ. ಅದು ಬಸ್ಸಿನವರಿಗೆ ಮಾತ್ರ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಐದು ಜನ ಕೆಲಸಕ್ಕಿದ್ದರೆ ಸಾಕು, ನಮಗೂ ಅನ್ವಯಿಸುತ್ತಿತ್ತು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. 8 ಗಂಟೆ ಅಲ್ಲೂ ಇದೆ, ಓಟಿಗೆ (ಹೆಚ್ಚುವರಿ ಹೊತ್ತಿನ ಕೆಲಸಕ್ಕೆ) ಡಬಲ್ ಸಂಬಳವೂ ಇದೆ.

ಇದಕ್ಕೆ ಕೈ ಹಾಕಿದ್ದು ಶಿರಾ ದಾಟಿ ಆದ ಆಕ್ಸಿಡೆಂಟಿನ ಮೇಲೆ. ಬೆಳಗಿನ ಜಾವ, ಖಾಲಿ ರಸ್ತೆ, ಡ್ರೈವರ್ ಕಣ್ಣು ಮುಚ್ಚಿದ. ಗಾಡಿ ಡಿವೈಡರ್ ಹತ್ತಿ ಮಗುಚಿತು. ಅವನ ಕೈ ಮುರಿಯಿತು, ಜೀವ ಉಳಿಯಿತು. ರಿಪೇರಿಗೆ ಒಂದು ಮುಕ್ಕಾಲು ಲಕ್ಷದ ಸುಮಾರು. ಇನ್ಶೂರೆನ್ಸ್ ಕ್ಲೇಮ್‌ನಲ್ಲಿ ಸವಕಳಿ ಕಳೆದು ನನ್ನ ಕೈಯಿಂದ ನಲವತ್ತು ಸಾವಿರದಷ್ಟು ಹೋಯಿತು. ಗಾಡಿ ನಿಂತ ತಿಂಗಳಿನ ಕಂತು ಬೇರೆ.

ಮೊದಲು ರಿಜಿಸ್ಟರ್ ಇಟ್ಟೆ. ಪ್ರತಿ ಪುಟದಲ್ಲೂ ಒಂದೇ ಟೈಮ್, ಒಂದೇ ಪೆನ್ನು. ವಾರದ್ದೆಲ್ಲ ಶನಿವಾರ ಕೂತು ಬರೆಯುತ್ತಿದ್ದರು. ಆಮೇಲೆ ಜಿಪಿಎಸ್ ನೋಡಿ, ಎಂಜಿನ್ ಆಫ್ ಆದ ಹೊತ್ತನ್ನು ವಿಶ್ರಾಂತಿ ಎಂದು ಲೆಕ್ಕ ಹಾಕಿದೆ. ಅದೂ ಕೈಕೊಟ್ಟಿತು. ಎಂಜಿನ್ ಆಫ್ ಆದರೂ ಡ್ರೈವರ್ ಗೋಡೌನ್ ಕ್ಯೂನಲ್ಲಿ ನಿಂತಿರುತ್ತಾನೆ, ಬಾಕ್ಸ್ ಎಣಿಸುತ್ತಿರುತ್ತಾನೆ, ಚಲನ್‌ಗೆ ಸಹಿ ಹಾಕಿಸುತ್ತಿರುತ್ತಾನೆ. ಅದು ನಿದ್ದೆ ಅಲ್ಲ, ಅಲ್ವಾ? 1961ರ ಕಾಯ್ದೆ ಹೇಳುತ್ತಿದ್ದುದೂ ಅದನ್ನೇ: ಕೆಲಸಗಾರ ಮಾಲೀಕನ ಕೈಯಲ್ಲಿ ಇರುವ ಹೊತ್ತು ಕೆಲಸದ ಹೊತ್ತು. ಹಾಗೆ ಲೆಕ್ಕ ಹಾಕಿದಾಗ ನಮ್ಮ ಹುಡುಗರ ದಿನ 14–15 ಗಂಟೆ ಮುಟ್ಟುತ್ತಿತ್ತು. ಓಡಿಸುವುದು ಅದರಲ್ಲಿ ಅರ್ಧ ಮಾತ್ರ.

ಕಿವಿಗೆ ಸಿಕ್ಕಿಸುವ ಬಜರ್ ಕೂಡ ತಂದೆ. ತಲೆ ಬಾಗಿದರೆ ಕೂಗುತ್ತದೆ. ಸಾವಿರದೊಳಗೆ ಸಿಗುತ್ತದೆ, ಆದರೆ ಬೇಡ. ನಿದ್ದೆಗೆಟ್ಟವನನ್ನು ಇನ್ನೂ ಸ್ವಲ್ಪ ದೂರ ಓಡಿಸುತ್ತದೆ, ಅಷ್ಟೇ.

ಬೇರು ಇದ್ದದ್ದು ಟ್ರಿಪ್ ಬಾಟಾದಲ್ಲಿ. ಟ್ರಿಪ್ಪಿಗೆ ಆರುನೂರು ಇಟ್ಟರೆ ಯಾವ ಡ್ರೈವರ್ ಮಲಗುತ್ತಾನೆ? ಬಾಟಾ ತೆಗೆದು, ಹದಿನಾರು ಸಾವಿರದ ಸಂಬಳವನ್ನು ಇಪ್ಪತ್ತೆರಡು–ಇಪ್ಪತ್ಮೂರಕ್ಕೆ ಏರಿಸಿದೆ. ಹುಡುಗರೇ ಮೊದಲು ಒಪ್ಪಲಿಲ್ಲ, ಇಬ್ಬರು ಬಿಟ್ಟು ಹೋದರು. ಒಬ್ಬ ನಾಲ್ಕು ತಿಂಗಳಲ್ಲಿ ವಾಪಸ್ ಬಂದ.

ಎರಡನೆಯದು, ಗಾಡಿ ಬದಲಿಸುವುದು. ನೆಲಮಂಗಲದ ಡ್ರೈವರ್ ಸಂಜೆ ನಾಲ್ಕಕ್ಕೆ ಲೋಡ್ ಗಾಡಿ ತೆಗೆಯುತ್ತಾನೆ. ದಾವಣಗೆರೆಯವನು ಖಾಲಿ ಗಾಡಿ ತರುತ್ತಾನೆ. ಹಿರಿಯೂರಿನ ಹತ್ತಿರ ಒಂದು ಹೋಟೆಲ್ ಮುಂದೆ ಅದಲು ಬದಲು. ಊಟ ಅಲ್ಲೇ, ಅರ್ಧ ಗಂಟೆ ಬಿಡುವೂ ಅಲ್ಲೇ. ಇಬ್ಬರೂ ರಾತ್ರಿ ತಮ್ಮ ಮನೆಯಲ್ಲಿ ಮಲಗುತ್ತಾರೆ. ಬೆಳಿಗ್ಗೆ ಅಂಗಡಿಗಳಿಗೆ ಹಾಕಲು ದಾವಣಗೆರೆಯಲ್ಲಿ ಬೇರೆ ಹುಡುಗರಿದ್ದಾರೆ. ಜನರಿಗೆ ವಿಶ್ರಾಂತಿ ಹೆಚ್ಚಿತು, ಗಾಡಿ ಸುಮ್ನೆ ನಿಲ್ಲುವುದು ಕಡಿಮೆಯಾಯಿತು. ರಾತ್ರಿ ಸಿಗುತ್ತಿದ್ದ ಲೋಡಿಂಗನ್ನು ಮಧ್ಯಾಹ್ನಕ್ಕೆ ತರುವುದೇ ಕಷ್ಟದ ಕೆಲಸ. ಗೋಡೌನ್‌ನವರನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದೇ ಲೈನ್‌ನಲ್ಲಿ ಓಡುವವರೂ ಓದುತ್ತಾರೆ. ಡ್ರೈವರ್‌ಗಳ ಪಾಳಿ ಹೊಂದಿಸಲು ಮಾಡಿಕೊಂಡ ಚಾರ್ಟ್ ಕೂಡ ನನ್ನ ಹತ್ತಿರವೇ ಇರಲಿ.

ಈ ನಡುವೆ ತುಮಕೂರು ಟೌನ್ ಡಿಲಿವರಿಗೆ ಒಂದು ಎಲೆಕ್ಟ್ರಿಕ್ ಲೋಡ್ ಆಟೋ ಬಾಡಿಗೆಗೆ ಹಿಡಿದೆ. ಉದ್ದೇಶ ಡೀಸೆಲ್ ಉಳಿಸುವುದು. ಆದರೆ ಮಧ್ಯಾಹ್ನ ಚಾರ್ಜಿಗೆ ಹಾಕಿದಾಗ ಡ್ರೈವರ್ ಚಾಪೆ ಹಾಸಿ ಮಲಗತೊಡಗಿದ. ಮುದ್ದೆ ಉಂಡ ಮೇಲಿನ ಆ ಅರ್ಧ ಗಂಟೆ ನಿದ್ದೆ ಸಂಜೆಯವರೆಗೂ ಕೆಲಸಕ್ಕೆ ಬರುತ್ತದೆ. ಅದನ್ನು ನೋಡಿ ಪಿಕಪ್‌ನವರಿಗೂ ಬಿಡುವನ್ನು ಊಟದ ಹಿಂದೆಯೇ ಸೇರಿಸಿದೆ, ಮೊದಲು ಟೀ ಹೊತ್ತಿಗಿತ್ತು.

ಲೆಕ್ಕಕ್ಕೆ ಬರೋಣ. ಇದಕ್ಕಾಗಿ ಹೆಚ್ಚುವರಿಯಾಗಿ ಸೇರಿಸಿಕೊಂಡ ಇಬ್ಬರ ಸಂಬಳ ತಿಂಗಳಿಗೆ ನಲವತ್ತೈದು ಸಾವಿರದ ಆಸುಪಾಸು. ಉಳಿದವರಿಗೆ ಏರಿಸಿದ ಸಂಬಳ ಹಳೆಯ ಬಾಟಾ ದುಡ್ಡಿನಲ್ಲೇ ಬಹುಪಾಲು ಸರಿಹೋಯಿತು. ಅವಸರ ತಪ್ಪಿದ್ದರಿಂದ ಸ್ಪೀಡ್ ಅರವತ್ತೈದಕ್ಕೆ ಇಳಿಯಿತು, ಮೈಲೇಜ್ ಹನ್ನೆರಡರಿಂದ ಹದಿಮೂರೂವರೆಗೆ ಬಂತು. ನಾಲ್ಕು ಗಾಡಿಗೆ ಅದೇ ಇಪ್ಪತ್ತೈದು ಸಾವಿರ ಉಳಿಸಿತು. ಪಾರ್ಟಿಗಳಿಗೆ, ಅಂದರೆ ನಮ್ಮ ಗಿರಾಕಿಗಳಿಗೆ, ಗಾಡಿ ಕಾಯಿಸಿದ್ದಕ್ಕೆ ಮೊದಲ ಒಂದು ಗಂಟೆ ಬಿಟ್ಟು ವೇಟಿಂಗ್ ಬಿಲ್ ಹಾಕಿದೆ, ಹನ್ನೆರಡು ಸಾವಿರದಷ್ಟು ಬರುತ್ತದೆ. ಗೊಣಗಿದವರೂ ಈಗ ಬೇಗ ಅನ್‌ಲೋಡ್ ಮಾಡಿಸುತ್ತಾರೆ. ಉಳಿದದ್ದು ಹೆಚ್ಚಿನ ಟ್ರಿಪ್ಪುಗಳಲ್ಲಿ ಬಂತು.

ದೀಪಾವಳಿ ಸೀಸನ್ನಿಗೆ "ನಾಲ್ಕು ದಿನ ಎಳೆಯಿರಿ" ಎಂದು ಪಾರ್ಟಿಗಳು ಹೇಳೇ ಹೇಳುತ್ತಾರೆ. ಹಳೆಯ ಕಾಯ್ದೆಯಲ್ಲೂ ಹಬ್ಬಕ್ಕೆ ಅನುಮತಿ ಪಡೆದು ಎಳೆಯಬಹುದಿತ್ತು, ಆದರೂ ದಿನಕ್ಕೆ 10, ವಾರಕ್ಕೆ 54 ಗಂಟೆ ದಾಟುವಂತಿರಲಿಲ್ಲ. ನಾನು ಅಷ್ಟೂ ಎಳೆಯುವುದಿಲ್ಲ. ಆ ಎರಡು ವಾರಕ್ಕೆ ಹೊರಗಿನ ಡ್ರೈವರ್ ಒಬ್ಬನನ್ನು ದಿನಗೂಲಿಗೆ ಹಾಕಿಕೊಳ್ಳುತ್ತೇನೆ. ಈ ಸಲದವನನ್ನು ಈಗಲೇ ಮಾತಾಡಿ ಇಟ್ಟಿದ್ದೇನೆ.