ಮೊದಲು ಸೋಲ್ಡರ್ ವೈರ್, ಆಮೇಲೆ ಐರನ್

ಎಲೆಕ್ಟ್ರಾನಿಕ್ಸ್ ಹವ್ಯಾಸಕ್ಕೆ ಹೊಸದಾಗಿ ಇಳಿದವರು ನನ್ನ ಹತ್ತಿರ ಬಂದು ಮೊದಲು ಕೇಳುವುದು ಒಂದೇ: "ಎಷ್ಟು ವ್ಯಾಟ್‌ನ ಐರನ್ ತಗೊಳ್ಳಲಿ?" ಐರನ್ ಅಂದರೆ ಸೋಲ್ಡರಿಂಗ್ ಐರನ್, ಕಾಯಿಸಿ ಬೆಸುಗೆ ಹಾಕುವ ಉಪಕರಣ. ನಾನು ಮೊದಲು ಸೋಲ್ಡರ್ ವೈರ್, ಅಂದರೆ ಬೆಸುಗೆಗೆ ಕರಗಿಸುವ ಲೋಹದ ತಂತಿಯ ಬಗ್ಗೆ ಹೇಳುತ್ತೇನೆ. ವೈರ್ ಒಳ್ಳೆಯದಿದ್ದರೆ ಸಾಧಾರಣ ಐರನ್‌ನಲ್ಲೂ ಕೆಲಸ ನಡೆಯುತ್ತದೆ. ವೈರ್ ಕೆಟ್ಟದ್ದಾದರೆ ಎಷ್ಟು ದುಬಾರಿ ಸ್ಟೇಷನ್ (ಬಿಸಿ ಹೊಂದಿಸುವ ಪೆಟ್ಟಿಗೆ ಇರುವ ಐರನ್) ಇಟ್ಟುಕೊಂಡರೂ ಜಾಯಿಂಟ್, ಅಂದರೆ ಬೆಸುಗೆ, ನೆಟ್ಟಗೆ ಕೂರುವುದಿಲ್ಲ.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಊರು ಧಾರವಾಡದ ಕಡೆ. ಇನ್ವರ್ಟರ್ ಬೋರ್ಡು, ವಾಷಿಂಗ್ ಮಷೀನಿನ ಕಾರ್ಡು, ಹಳೇ ಆಂಪ್ಲಿಫೈಯರ್, ಹೀಗೆ ಏನು ಬಂದರೂ ನೋಡುತ್ತೇನೆ. ಸಂಜೆ ಹೊತ್ತು ನಮ್ಮ ಸೊಸೈಟಿಯ ಕನ್ನಡದ ಮನೆಗಳ ಮಕ್ಕಳು "ಕಾಕಾ, ಇದು ಹೆಂಗ್ ಮಾಡೂದು ತೋರಿಸ್ರಿ" ಅಂತ ಆರ್ಡುಯಿನೋ ಎಂಬ ಕಲಿಕೆಯ ಸರ್ಕ್ಯೂಟ್ ಬೋರ್ಡಿನ ಕಿಟ್ ಹಿಡಿದುಕೊಂಡು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಸಿಗುವ ಮಾಮೂಲಿ ಸೋಲ್ಡರ್ ವೈರ್ ಅಂದರೆ ತವರ ಮತ್ತು ಸೀಸದ ಮಿಶ್ರಣ. ರೀಲಿನ ಮೇಲೆ 60/40 ಎಂದಿದ್ದರೆ 60 ಭಾಗ ತವರ, 40 ಭಾಗ ಸೀಸ. ಇದು 183 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗಲು ಶುರುವಾಗಿ ಸುಮಾರು 190ಕ್ಕೆ ಪೂರ್ತಿ ಕರಗುತ್ತದೆ. 63/37 ಕೂಡ ಸಿಗುತ್ತದೆ. ಅದು 183ಕ್ಕೆ ಒಮ್ಮೆಲೇ ಕರಗುತ್ತದೆ, ಆರುವಾಗಲೂ 183ಕ್ಕೆ ಒಮ್ಮೆಲೇ ಗಟ್ಟಿಯಾಗುತ್ತದೆ. ನಡುವೆ ಅಂಟಂಟಾಗಿ ಇರುವ ಹೊತ್ತೇ ಇಲ್ಲ. ಕೈ ಇನ್ನೂ ಪಳಗದವರಿಗೆ ಇದರಿಂದ ಜಾಸ್ತಿ ಲಾಭ. ಸೋಲ್ಡರ್ ಆರುತ್ತಿರುವಾಗ ಕಾಂಪೊನೆಂಟ್ ಕಾಲು (ಬಿಡಿಭಾಗದಿಂದ ಹೊರಟ ತಂತಿ) ಒಂಚೂರು ಅಲುಗಿದರೂ ಜಾಯಿಂಟ್ ಒಳಗೆ ಕೆಡುತ್ತದೆ. ಬೇಗ ಗಟ್ಟಿಯಾದಷ್ಟೂ ಆ ಅಪಾಯ ಕಡಿಮೆ. ಸಿಕ್ಕರೆ 63/37 ತಗೊಳ್ಳಿ. ಸಿಗದಿದ್ದರೆ 60/40 ಧಾರಾಳ ಸಾಕು.

ಅಗ್ಗದ ರೀಲುಗಳ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ತವರ ದುಬಾರಿ, ಸೀಸ ಅಗ್ಗ. ಹಾಗಾಗಿ ಬೆಲೆ ಇಳಿಸಲು ತವರ ಕಡಿಮೆ ಮಾಡುತ್ತಾರೆ. 40/60 ಆದರೆ, ಅಂದರೆ ತವರ ಬರೀ 40 ಭಾಗ ಇದ್ದರೆ, ಪೂರ್ತಿ ಕರಗಲು ಸುಮಾರು 238 ಡಿಗ್ರಿ ಬೇಕು. ಕರಗಿದರೂ ಸರಾಗವಾಗಿ ಹರಿಯುವುದಿಲ್ಲ, ಪ್ಯಾಡ್ (ಬೋರ್ಡಿನಲ್ಲಿ ಬೆಸುಗೆ ಹಾಕುವ ತಾಮ್ರದ ಜಾಗ) ಮೇಲೆ ಗುಪ್ಪೆಯಾಗಿ ನಿಲ್ಲುತ್ತದೆ. ಕಲಿಯುವ ಮಕ್ಕಳು ಆಗ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ನನಗೆ ಇದು ನಿಜವಾಗಿ ಬೇಸರದ ಸಂಗತಿ. ತಪ್ಪು ವೈರ್‌ನದು, ಆಸಕ್ತಿ ಕಳೆದುಕೊಳ್ಳುವುದು ಮಗು.

ಪರೀಕ್ಷೆ ಸುಲಭ. ಬಿಸಿಯಾದ, ಚೊಕ್ಕ ಬಿಟ್‌ಗೆ, ಅಂದರೆ ಐರನ್‌ನ ತುದಿಗೆ, ವೈರ್ ತಾಗಿಸಿ. ಒಳ್ಳೆಯ ವೈರ್ ತಕ್ಷಣ ಕರಗಿ ಬಿಟ್ ಮೇಲೆ ತೆಳ್ಳಗೆ ಹರಡುತ್ತದೆ, ಸಣ್ಣಗೆ ರಾಳದ ಹೊಗೆ ಬರುತ್ತದೆ. ಚಟಪಟ ಸಿಡಿದರೆ, ಹೊಗೆಯೇ ಬರದಿದ್ದರೆ, ಉಂಡೆಯಾಗಿ ಕೆಳಗೆ ಬಿದ್ದರೆ ಆ ರೀಲನ್ನು ಬೋರ್ಡಿನ ಕೆಲಸಕ್ಕೆ ಬಳಸಬೇಡಿ. ಎರಡನೇ ಪರೀಕ್ಷೆಗೆ ಒಂದು ತುಂಡು ತಾಮ್ರದ ತಂತಿ ಸಾಕು. ಅದನ್ನು ಹೊಳೆಯುವಂತೆ ಉಜ್ಜಿ, ಕಾಯಿಸಿ, ಸೋಲ್ಡರ್ ಮುಟ್ಟಿಸಿ. ತಂತಿಯ ಸುತ್ತಲೂ ಹರಿದು ಆರಿದ ಮೇಲೆ ಹೊಳಪು ಉಳಿದರೆ ಮಾಲು ಸರಿ ಇದೆ.

ಸೀಸ ಇಲ್ಲದ ಲೆಡ್-ಫ್ರೀ ವೈರ್ ಬಗ್ಗೆಯೂ ಕೇಳುತ್ತಾರೆ. ಯುರೋಪಿನಲ್ಲಿ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸದಂಥ ಅಪಾಯಕಾರಿ ವಸ್ತುಗಳಿಗೆ ಮಿತಿ ಹಾಕುವ ರೋಹ್ಸ್ ನಿಯಮ ಜಾರಿಗೆ ಬಂತು. ಅಲ್ಲಿಂದ ಮಾರಾಟದ ಎಲೆಕ್ಟ್ರಾನಿಕ್ಸ್ ಬಹುಪಾಲು ಲೆಡ್-ಫ್ರೀ ಆಯಿತು. ಹೆಚ್ಚು ಬಳಕೆಯಲ್ಲಿರುವುದು ಸ್ಯಾಕ್ 305: ತವರ 96.5, ಬೆಳ್ಳಿ 3, ತಾಮ್ರ 0.5 ಭಾಗ. ಇದು 217ರಿಂದ 220 ಡಿಗ್ರಿಯಲ್ಲಿ ಕರಗುತ್ತದೆ. ಜಾಯಿಂಟ್ ಸರಿಯಾಗಿದ್ದರೂ ಮಂಕಾಗಿಯೇ ಕಾಣುತ್ತದೆ, ಹೊಸಬರಿಗೆ ಸರಿಯೋ ತಪ್ಪೋ ಗೊತ್ತಾಗುವುದಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದು, ಊಟದ ಮೇಜಿನ ಮೇಲೇ ಕೆಲಸ ಮಾಡಬೇಕಾದ ಪರಿಸ್ಥಿತಿ ಇದ್ದರೆ ಲೆಡ್-ಫ್ರೀ ತಗೊಳ್ಳಿ, ಆಗ ಟೆಂಪರೇಚರ್ ಕಂಟ್ರೋಲ್ ಇರುವ ಐರನ್ ಬೇಕೇ ಬೇಕು. ಉಳಿದವರು ಸೀಸದ ವೈರ್‌ನಲ್ಲೇ ಕಲಿಯಿರಿ. ಕಲಿಯಲು ಅದೇ ಸುಲಭ.

ದಪ್ಪ ಎಷ್ಟಿರಬೇಕು? 22 ಗೇಜ್, ಅಂದರೆ ಸುಮಾರು 0.7 ಮಿಲಿಮೀಟರ್. ಐಸಿ ಕಾಲು, ರೆಸಿಸ್ಟರ್, ಹೆಡರ್ ಪಿನ್ ಎಲ್ಲಕ್ಕೂ ಇದು ಹೊಂದುತ್ತದೆ. 18 ಗೇಜ್ ಸುಮಾರು 1.2 ಮಿಲಿಮೀಟರ್. ಅದು ದಪ್ಪ ವೈರ್, ಸ್ಪೀಕರ್ ಟರ್ಮಿನಲ್‌ಗೆ ಸರಿ. 2.54 ಮಿಲಿಮೀಟರ್ ಅಂತರದ ಪಿನ್‌ಗಳಿಗೆ ಅದನ್ನು ಹಿಡಿದರೆ ಎರಡು ಪಿನ್ ಸೇರಿಕೊಂಡು ಶಾರ್ಟ್ ಆಗುತ್ತವೆ.

ಇನ್ನು ಫ್ಲಕ್ಸ್. ಬಿಸಿ ಮಾಡಿದಾಗ ತಾಮ್ರದ ಮೇಲೆ ಆಕ್ಸೈಡ್ ಪೊರೆ ಕಟ್ಟುತ್ತದೆ, ಅದರ ಮೇಲೆ ಸೋಲ್ಡರ್ ಹತ್ತುವುದಿಲ್ಲ. ಆ ಪೊರೆಯನ್ನು ತೆಗೆಯುವುದು ಫ್ಲಕ್ಸ್‌ನ ಕೆಲಸ. ಎಲೆಕ್ಟ್ರಾನಿಕ್ಸ್ ವೈರ್‌ನ ನಡುವೆಯೇ ರಾಳದ ಫ್ಲಕ್ಸ್ ತುಂಬಿರುತ್ತದೆ, ಅದಕ್ಕೇ ರೋಸಿನ್ ಕೋರ್ ಎನ್ನುತ್ತಾರೆ. ಹೊಸ ಬೋರ್ಡಿಗೆ ಅಷ್ಟೇ ಸಾಕು. ಹಳೇ ಬೋರ್ಡಿನ ರಿಪೇರಿಗೆ ಮಾತ್ರ ಬೇರೆ ಫ್ಲಕ್ಸ್ ಬೇಕಾಗುತ್ತದೆ. ಅದೂ ರೋಸಿನ್ ಅಥವಾ ನೋ-ಕ್ಲೀನ್ (ತೊಳೆಯದಿದ್ದರೂ ನಡೆಯುವಂಥದ್ದು) ಆಗಿರಲಿ. ಪೈಪು, ತಗಡಿನ ಕೆಲಸಕ್ಕೆ ಮಾರುವ ಆಸಿಡ್ ಫ್ಲಕ್ಸ್‌ನಲ್ಲಿ ಜಿಂಕ್ ಕ್ಲೋರೈಡ್ ಇರುತ್ತದೆ. ಅದನ್ನು ಬೋರ್ಡಿಗೆ ಹಚ್ಚಲೇಬೇಡಿ. ಸೋಲ್ಡರ್ ಆಗ ಚೆನ್ನಾಗಿಯೇ ಹತ್ತುತ್ತದೆ, ಆದರೆ ಉಳಿದ ಅಂಶ ತೇವ ಹೀರಿಕೊಂಡು ತಾಮ್ರವನ್ನು ತಿನ್ನುತ್ತದೆ. ಮುಂಬೈ ಕಡೆಯ ಮಳೆಗಾಲ ಗೊತ್ತಲ್ಲ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ. ಅಂಥ ಹವೆಯಲ್ಲಿ ಬೋರ್ಡಿನ ಟ್ರ್ಯಾಕ್ (ತಾಮ್ರದ ಗೆರೆ) ಹಸಿರುಗಟ್ಟಿ ತುಂಡಾಗುತ್ತದೆ. ಹಾಗೆ ಹಾಳಾದ ಬೋರ್ಡುಗಳು ಮಳೆಗಾಲ ಮುಗಿಯುತ್ತಿದ್ದಂತೆ ನನ್ನ ಟೇಬಲ್ಲಿಗೆ ಬರುತ್ತವೆ. ಕೆಲಸ ಮುಗಿದ ಮೇಲೆ ಹಳೇ ಟೂತ್‌ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬೋರ್ಡ್ ಉಜ್ಜುವ ಅಭ್ಯಾಸ ಮಾಡಿಕೊಳ್ಳಿ. ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ, ಐರನ್ ಆಫ್ ಮಾಡಿ, ಆರಿದ ಮೇಲೆಯೇ ಬಾಟಲಿ ಮುಚ್ಚಳ ತೆಗೆಯಿರಿ.

ಈಗ ಐರನ್‌ಗೆ ಬರೋಣ. ವ್ಯಾಟ್ ಅಂದರೆ ಎಷ್ಟು ಬಿಸಿಯಾಗುತ್ತದೆ ಎಂಬ ಲೆಕ್ಕವಲ್ಲ. ಎಷ್ಟು ವೇಗವಾಗಿ ಶಾಖ ತುಂಬಿಕೊಡಬಲ್ಲದು ಎಂಬ ಲೆಕ್ಕ. ತೆಳು ಕಾವಲಿಯ ಮೇಲೆ ಮೊದಲ ದೋಸೆ ಹುಯ್ದ ತಕ್ಷಣ ಅದು ತಣ್ಣಗಾಗಿ ಎರಡನೇ ದೋಸೆ ಅಂಟಿಕೊಳ್ಳುತ್ತದೆ, ಅಲ್ವಾ? ಸಣ್ಣ ಐರನ್ನೂ ಹಾಗೆಯೇ. ರೆಸಿಸ್ಟರ್ ಕಾಲಿಗೆ ಸಲೀಸಾಗಿ ಕೆಲಸ ಮಾಡುತ್ತದೆ. ಗ್ರೌಂಡಿಗೆ ಸೇರಿದ ಅಗಲ ತಾಮ್ರದ ಮೇಲೆ ಇಟ್ಟರೆ ಶಾಖವೆಲ್ಲ ಬೋರ್ಡ್ ಎಳೆದುಕೊಂಡು ಬಿಟ್ ತಣ್ಣಗಾಗುತ್ತದೆ. ಆಗ ಹೊಸಬರು ಐರನ್ ಒತ್ತಿ ಹಿಡಿದು ಕಾಯುತ್ತಾರೆ. ಹೊತ್ತು ಜಾಸ್ತಿಯಾದಷ್ಟೂ ಪ್ಯಾಡ್ ಅಡಿಯ ಅಂಟು ಸಡಿಲವಾಗಿ ಪ್ಯಾಡೇ ಕಿತ್ತು ಬರುತ್ತದೆ. ಕಂದು ಬಣ್ಣದ ಅಗ್ಗದ ಜೀರೋ ಪಿಸಿಬಿಯಲ್ಲಿ (ಬರೀ ತೂತು, ಪ್ಯಾಡ್‌ಗಳಿರುವ ಖಾಲಿ ಬೋರ್ಡ್) ಇನ್ನೂ ಬೇಗ.

ಬಜೆಟ್ ತೀರಾ ಕಡಿಮೆ ಇದ್ದರೆ ಸೋಲ್ಡ್ರಾನ್‌ನಂಥ ನಮ್ಮ ದೇಶದ 25 ವ್ಯಾಟ್ ಐರನ್ ತಗೊಳ್ಳಿ. ಕೆಲವು ನೂರು ರೂಪಾಯಿಯ ಮಾತು. ಬಿಡಿಭಾಗವೂ ಸಿಗುತ್ತದೆ. ಇದಕ್ಕೆ ಟೆಂಪರೇಚರ್ ಕಂಟ್ರೋಲ್ ಇಲ್ಲ, ಪ್ಲಗ್ ಹಾಕಿ ಬಿಟ್ಟರೆ ಬಿಸಿ ಏರುತ್ತಲೇ ಹೋಗಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಸುಮ್ನೆ ಉರಿಯಲು ಬಿಟ್ಟರೆ ಬಿಟ್ ಕಪ್ಪಾಗುತ್ತದೆ, ಹಾಗಾಗಿ ಕೆಲಸ ಇಲ್ಲದಾಗ ಸ್ವಿಚ್ ತೆಗೆಯಿರಿ. ಪಾರದರ್ಶಕ ಹಿಡಿಕೆಯ, ಗುಂಡಿ ತಿರುಗಿಸುವ 60 ವ್ಯಾಟ್ ಐರನ್‌ಗಳು ಕಿಟ್ ಡಬ್ಬಿಯಲ್ಲಿ ಬರುತ್ತವೆ. ಅವುಗಳಲ್ಲಿ ಹಲವಕ್ಕೆ ಬಿಸಿ ಅಳೆಯುವ ಸೆನ್ಸರ್ರೇ ಇರುವುದಿಲ್ಲ, ಗುಂಡಿ ಬರೀ ಕರೆಂಟ್ ಕಡಿಮೆ ಮಾಡುತ್ತದೆ. ಸೋಲ್ಡರಿಂಗ್ ಗನ್ ಬೋರ್ಡಿನ ಕೆಲಸಕ್ಕೆ ಬೇಡ. ಕಂಪ್ಯೂಟರಿನ 5 ವೋಲ್ಟ್ ಯುಎಸ್‌ಬಿಯಲ್ಲಿ ನಡೆಯುವ ಸಣ್ಣ ಐರನ್ನೂ ಬೇಡ.

ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲಿರಾದರೆ ಸ್ಟೇಷನ್ ತಗೊಳ್ಳಿ. ಹಾಕ್ಕೋ ಕಂಪನಿಯ 936 ಮಾದರಿ ನಿಂತು ಬಹಳ ವರ್ಷವಾಯಿತು. ಆದರೆ ಅದೇ ವಿನ್ಯಾಸದ ಬೇರೆ ಬೇರೆ ಹೆಸರಿನ ಸ್ಟೇಷನ್‌ಗಳು ಎಲ್ಲ ಕಡೆ ಇವೆ. ಪೆಟ್ಟಿಗೆಯೊಳಗೆ ಟ್ರಾನ್ಸ್‌ಫಾರ್ಮರ್ ಇದ್ದು ಐರನ್‌ಗೆ 24 ವೋಲ್ಟ್ ಮಾತ್ರ ಹೋಗುತ್ತದೆ. 900ಎಂ ಸರಣಿಯ ಬಿಟ್‌ಗಳು ಅಗ್ಗ, ಸುಲಭವಾಗಿ ಸಿಗುತ್ತವೆ. ಇದಕ್ಕಿಂತ ಒಂದು ಹೆಜ್ಜೆ ಮೇಲೆ ಟಿ12 ಮಾದರಿ. ಅದರಲ್ಲಿ ಹೀಟರ್, ಸೆನ್ಸರ್ ಎರಡೂ ಬಿಟ್‌ನೊಳಗೇ ಇರುತ್ತವೆ, ಹಾಗಾಗಿ ಬೇಗ ಕಾಯುತ್ತದೆ, ಶಾಖ ಬೇಗ ಮರಳುತ್ತದೆ. ಒಂದೇ ರೂಮಿನ ಮನೆಯಲ್ಲಿ ಜಾಗ ಇಲ್ಲದವರಿಗೆ ಪೈನ್‌ಸಿಲ್‌ನಂಥ ಪೆನ್ ಗಾತ್ರದ ಐರನ್ ಚೆನ್ನ. ಲ್ಯಾಪ್‌ಟಾಪಿನ 65 ವ್ಯಾಟ್ ಟೈಪ್-ಸಿ ಚಾರ್ಜರ್‌ನಲ್ಲಿ ನಡೆಯುತ್ತದೆ, ಕೆಲಸ ಮುಗಿದ ಮೇಲೆ ಡ್ರಾಯರ್ ಸೇರುತ್ತದೆ. ನಮ್ಮ ಸೊಸೈಟಿಯ ಎಂಜಿನಿಯರಿಂಗ್ ಓದುವ ಹುಡುಗಿಗೆ ನಾನು ಇದನ್ನೇ ಹೇಳಿದೆ. ಅವಳು ಹಾಸ್ಟೆಲ್‌ಗೂ ಒಯ್ಯಬೇಕಿತ್ತು.

ಸೀಸದ ವೈರ್‌ಗೆ 320ರಿಂದ 350 ಡಿಗ್ರಿ ಇಡಿ, ಲೆಡ್-ಫ್ರೀಗೆ 350ರಿಂದ 380. ಕರಗುವುದು 183ಕ್ಕೆ ಅಂದಮೇಲೆ ಇಷ್ಟೇಕೆ ಎಂದರೆ, ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸಿ ಐರನ್ ಎತ್ತಬೇಕು, ಅದಕ್ಕೆ.

ಬಿಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಎಲ್ಲರೂ ಸೂಜಿಮೊನೆಯದ್ದನ್ನೇ ಬಯಸುತ್ತಾರೆ. ಸಣ್ಣ ಕೆಲಸಕ್ಕೆ ಸಣ್ಣ ಮೊನೆ ಎಂಬ ಎಣಿಕೆ. ಆದರೆ ಮೊನೆ ತಾಗುವ ಜಾಗವೇ ಇಷ್ಟಾದರೆ ಶಾಖ ದಾಟುವುದು ಎಲ್ಲಿಂದ? ಸುಮಾರು 2 ಮಿಲಿಮೀಟರ್ ಅಗಲದ ಚಪ್ಪಟೆ ಚಿಸೆಲ್ ಬಿಟ್ ತಗೊಳ್ಳಿ. ಪ್ಯಾಡ್ ಮತ್ತು ಕಾಲು ಎರಡಕ್ಕೂ ಒಟ್ಟಿಗೆ ತಾಗುತ್ತದೆ. ಬಿಟ್ ಒಳಗೆ ತಾಮ್ರ, ಹೊರಗೆ ಕಬ್ಬಿಣದ ಲೇಪ. ಬಿಸಿ ತವರದಲ್ಲಿ ತಾಮ್ರ ಕರಗಿ ಹೋಗುತ್ತದೆ ಎಂದೇ ಆ ಲೇಪ. ಕಪ್ಪಾಯಿತೆಂದು ಅರ ಹಾಕಿ ಉಜ್ಜಿದರೆ ಲೇಪ ಹೋಗುತ್ತದೆ, ಬಿಟ್ ಮುಗಿಯಿತು. ಒದ್ದೆ ಸ್ಪಂಜಿಗೋ ಹಿತ್ತಾಳೆಯ ಸ್ಕ್ರಬ್ಬರ್‌ಗೋ ಒರೆಸಿ, ತಕ್ಷಣ ಹೊಸ ಸೋಲ್ಡರ್ ಹಚ್ಚಿ. ಆಫ್ ಮಾಡುವ ಮೊದಲೂ ಅಷ್ಟೇ, ಬಿಟ್ ಮೇಲೆ ಸೋಲ್ಡರ್ ಇರಲಿ.

ಅರ್ಥಿಂಗ್ ಮರೆಯಬೇಡಿ. ನೇರ 230 ವೋಲ್ಟಿಗೆ ಹಾಕುವ ಐರನ್ ಆದರೆ ಮೂರು ಪಿನ್ನಿನದ್ದೇ ಇರಲಿ. ಅಂಗಡಿಯಲ್ಲೇ, ಪ್ಲಗ್ ಹಾಕದೆ, ಮಲ್ಟಿಮೀಟರ್‌ನ ಒಂದು ಕಡ್ಡಿ ಬಿಟ್‌ಗೆ, ಇನ್ನೊಂದು ಪ್ಲಗ್ಗಿನ ದಪ್ಪ ಪಿನ್ನಿಗೆ ಹಿಡಿದು ನೋಡಿ. ಒಂದೆರಡು ಓಂ ತೋರಿಸಬೇಕು. ತೋರಿಸದಿದ್ದರೆ ಅಂಥ ಐರನ್‌ನಿಂದ ಲೀಕೇಜ್ ಕರೆಂಟ್ ಹರಿದು ಮಾಸ್‌ಫೆಟ್‌ನಂಥ ನಾಜೂಕು ಭಾಗ ಸಾಯಬಹುದು, ನಿಮಗೂ ಶಾಕ್ ಹೊಡೆಯಬಹುದು. ನಿಮ್ಮ ಮನೆಯ ಸಾಕೆಟ್‌ಗೆ ಅರ್ಥ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ಹಳೇ ಚಾಳು, ಹಳೇ ಬಿಲ್ಡಿಂಗ್‌ಗಳಲ್ಲಿ ಮೂರನೇ ತೂತು ಇದ್ದರೂ ಅದರ ಹಿಂದೆ ವೈರ್ ಇರುತ್ತದೆಂದು ನಂಬುವ ಹಾಗಿಲ್ಲ.

ಕೊಳ್ಳಲು ಮುಂಬೈನ ಎಲೆಕ್ಟ್ರಾನಿಕ್ಸ್ ಬಜಾರ್ ಲ್ಯಾಮಿಂಗ್ಟನ್ ರೋಡಿಗೆ ಹೋಗುವುದೇ ಒಳ್ಳೆಯದು. ಡೊಂಬಿವಲಿಯಿಂದ ಬರುವವರು ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡಿದು ಗ್ರಾಂಟ್ ರೋಡ್‌ನಲ್ಲಿ ಇಳಿಯಿರಿ, ಪೂರ್ವದ ಕಡೆ ಹೊರಬನ್ನಿ. ಭಾನುವಾರ ಬಹುಪಾಲು ಅಂಗಡಿ ಮುಚ್ಚಿರುತ್ತವೆ, ಶನಿವಾರ ಹೋಗಿ. "ಸೋಲ್ಡರ್ ವೈರ್ ಕೊಡಿ" ಎಂದಷ್ಟೇ ಕೇಳಿದರೆ ಕೈಗೆ ಸಿಕ್ಕಿದ್ದು ಕೊಡುತ್ತಾರೆ. "ಸಿಕ್ಸ್ಟಿ ಫಾರ್ಟಿ, ಬಾಯೀಸ್ (22) ಗೇಜ್, ರೋಸಿನ್ ಕೋರ್" ಎಂದು ಹಿಂದಿಯಲ್ಲಿ ಸ್ಪಷ್ಟವಾಗಿ ಕೇಳಿ. ಮೊದಲು 50 ಗ್ರಾಂ ರೀಲ್ ತಗೊಂಡು ಪರೀಕ್ಷೆ ಮಾಡಿ, ಹಿಡಿಸಿದರೆ ಆಮೇಲೆ ದೊಡ್ಡದು. ಜೊತೆಗೆ ಭಾರದ ಸ್ಟ್ಯಾಂಡ್, ಕರಗಿದ ಸೋಲ್ಡರ್ ಎಳೆದು ತೆಗೆಯುವ ಡಿಸೋಲ್ಡರ್ ಪಂಪ್, ಅದನ್ನೇ ಹೀರಿಕೊಳ್ಳುವ ತಾಮ್ರದ ಹೆಣಿಗೆ ಪಟ್ಟಿ ವಿಕ್ ಒಂದು ಸುತ್ತು, ಕಟರ್. ಉಳಿದದ್ದು ನಿಧಾನಕ್ಕೆ.

ಹೊಗೆಯ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ಅದು ಸೀಸದ ಹೊಗೆಯಲ್ಲ. ಸೀಸ ಕುದಿಯುವುದು 1749 ಡಿಗ್ರಿಗೆ, ನಮ್ಮ ಐರನ್ ಅದರ ಹತ್ತಿರವೂ ಹೋಗುವುದಿಲ್ಲ. ಮೇಲೇಳುವುದು ರಾಳದ ಹೊಗೆ. ಅದೂ ಶ್ವಾಸಕ್ಕೆ ಒಳ್ಳೆಯದಲ್ಲ, ಆಸ್ತಮಾ ಇದ್ದವರಿಗಂತೂ ಬೇಡವೇ ಬೇಡ. ಕಿಟಕಿ ತೆಗೆದು, ಸಣ್ಣ ಫ್ಯಾನ್ ಇಟ್ಟು ಹೊಗೆ ಮುಖದಿಂದ ಆಚೆ ಹೋಗುವಂತೆ ಮಾಡಿ. ಸೀಸ ಮೈ ಸೇರುವುದು ಕೈಯಿಂದ ಬಾಯಿಗೆ. ವೈರನ್ನು ಹಲ್ಲಲ್ಲಿ ಕಚ್ಚಿ ಹಿಡಿಯಬೇಡಿ, ಟೇಬಲ್ ಮೇಲೆ ಚಹಾ ಇಟ್ಟುಕೊಳ್ಳಬೇಡಿ, ಎದ್ದ ತಕ್ಷಣ ಸೋಪು ಹಚ್ಚಿ ಕೈ ತೊಳೆಯಿರಿ. ಮಕ್ಕಳಿಗೆ ಇದನ್ನು ನಾನು ಪ್ರತಿ ಸಲ ಹೇಳುತ್ತೇನೆ, ಬೇಜಾರಾದರೂ ಹೇಳುತ್ತೇನೆ.

ಎಲ್ಲ ತಂದ ಮೇಲೆ ನೇರವಾಗಿ ಕಿಟ್‌ಗೆ ಕೈ ಹಾಕಬೇಡಿ. ಒಂದು ಜೀರೋ ಪಿಸಿಬಿ, ಒಂದಿಷ್ಟು ರೆಸಿಸ್ಟರ್ ತಗೊಂಡು ಒಂದು ಸಂಜೆ ಬರೀ ಜಾಯಿಂಟ್ ಮಾಡಿ. ಮೊದಲು ಬಿಟ್‌ನಿಂದ ಪ್ಯಾಡ್, ಕಾಲು ಎರಡನ್ನೂ ಕಾಯಿಸಿ, ಆಮೇಲೆ ಎದುರು ಬದಿಯಿಂದ ವೈರ್ ಕೊಡಿ. ಮೊದಲು ವೈರ್ ಎತ್ತಿ, ಆಮೇಲೆ ಐರನ್. ಸೋಲ್ಡರ್ ಅಂಚು ಪ್ಯಾಡಿಗೆ ತೆಳ್ಳಗೆ ಅಂಟಿ ಕಾಲಿನ ಕಡೆಗೆ ಒಳಬಾಗಿ ಏರಿದ್ದರೆ ಸರಿ. ಕಾಲಿನ ಸುತ್ತ ಗುಂಡಗೆ ನಿಂತಿದ್ದರೆ ಪ್ಯಾಡ್ ಕಾದಿಲ್ಲ ಎಂದರ್ಥ. ಅದಕ್ಕೆ ಇನ್ನಷ್ಟು ಸೋಲ್ಡರ್ ಸುರಿಯಬೇಡಿ. ಒಂಚೂರು ಫ್ಲಕ್ಸ್ ಹಚ್ಚಿ, ಮತ್ತೆ ಕಾಯಿಸಿ.